ಕಬ್ಬಿಣ, ಸ್ಟೀಲ್‌ಗೆ ತೂತು ಕೊರೆಯಲು ಯಾವ ಡ್ರಿಲ್ ಬಿಟ್ ಸೆಟ್? ಹೋಲಿಸಿ ನೋಡಿ ಕೊಳ್ಳುವ ಬಗೆ

ಫೆಬ್ರವರಿ ಕೊನೆ. ಹೂಮಳೆ ಇನ್ನೂ ಬಂದಿರಲಿಲ್ಲ. ರೊಬಸ್ಟಾ ಕಾಫಿ ಹೂ ಬಿಡಲು ಸ್ಪ್ರಿಂಕ್ಲರ್ ಹಾಕಲೇಬೇಕಿತ್ತು. ಚಿಕ್ಕಮಗಳೂರಿನ ಆಲ್ದೂರು ಕಡೆ ಇರುವ ನಮ್ಮ ಸಣ್ಣ ತೋಟದಲ್ಲಿ ಪಂಪ್‌ಸೆಟ್ ಕೂರುವ ತಗಡು ತುಕ್ಕು ಹಿಡಿದು ಪುಡಿಯಾಗಿತ್ತು. ಇನ್ನೊಮ್ಮೆ ತುಕ್ಕು ಹಿಡಿಯಬಾರದು ಅಂತ 4 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟ್ ತಂದೆ. ನಾಲ್ಕು ತೂತು ಬೇಕಿತ್ತು, ಅಷ್ಟೇ. ಮನೆಯಲ್ಲಿ ಚಿನ್ನದ ಬಣ್ಣದ 99 ಬಿಟ್‌ಗಳ ದೊಡ್ಡ ಪೆಟ್ಟಿಗೆ ಇತ್ತು. ಅದರಿಂದ 6 ಮಿ.ಮೀ. ಬಿಟ್ ತೆಗೆದು ಡ್ರಿಲ್‌ಗೆ ಹಾಕಿ ಗುಂಡಿ ಒತ್ತಿದೆ.

ಕಿರ್ ಅಂತ ಶಬ್ದ. ಹೊಗೆ. ಅರ್ಧ ನಿಮಿಷಕ್ಕೆ ಬಿಟ್‌ನ ಮೊನೆ ನೀಲಿಯಾಯಿತು. ಪ್ಲೇಟ್ ಮೇಲೆ ತೂತು ಇಲ್ಲ, ಕನ್ನಡಿಯ ಹಾಗೆ ಹೊಳೆಯುವ ಒಂದು ಸಣ್ಣ ಗುಳಿ ಮಾತ್ರ ಇತ್ತು. ಮೂರು ಬಿಟ್ ಹಾಳು ಮಾಡಿದ ಮೇಲೆ ಪ್ಲೇಟ್, ಬಿಟ್ ಎರಡನ್ನೂ ಎತ್ತಿಕೊಂಡು ಚಿಕ್ಕಮಗಳೂರಿಗೆ, ಪರಿಚಯದ ಲೇತ್ ಅಂಗಡಿಗೆ ಹೋದೆ.

ಅಲ್ಲಿನ ಹಿರಿಯರು ಏನೂ ಹೇಳದೆ ನನ್ನ ಚಿನ್ನದ ಬಿಟ್‌ನ ಮೊನೆಯನ್ನು ಗ್ರೈಂಡರ್ ಕಲ್ಲಿಗೆ ಮುಟ್ಟಿಸಿದರು. ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಬಿಳಿ ಕಿಡಿಗಳು ಸಿಡಿದು ನಕ್ಷತ್ರದಂತೆ ಒಡೆದವು. ಆಮೇಲೆ ತಮ್ಮ ಡ್ರಾಯರ್‌ನಿಂದ ಒಂದು ಹಳೇ ಮೊಂಡು ಬಿಟ್ ತೆಗೆದು ಮುಟ್ಟಿಸಿದರು. ಮಂಕಾದ ಕೆಂಪು ಗೆರೆಗಳು ನಾಲ್ಕೈದು ಬಂದವು, ಸಿಡಿಯಲೇ ಇಲ್ಲ. "ನೋಡಪ್ಪಾ, ನಿಂದು ಬರೀ ಕಾರ್ಬನ್ ಉಕ್ಕು, ಮೇಲೆ ಬಣ್ಣ. ಇದು ಎಚ್‌ಎಸ್‌ಎಸ್, ಬಿಸಿ ತಡೆಯೋ ಉಕ್ಕು. ಆದ್ರೆ ನೀನು ಓಡಿಸಿದ ಸ್ಪೀಡಿಗೆ ಇದೂ ಸುಟ್ಟೇ ಹೋಗ್ತಿತ್ತು" ಅಂದರು.

ಆ ಎರಡು ಮಾತಿನಿಂದ ನಾನು ಕಲಿತದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಸೆಟ್‌ಗಳನ್ನು ಬಿಟ್‌ಗಳ ಸಂಖ್ಯೆಯಿಂದ, ಬಣ್ಣದಿಂದ ಹೋಲಿಸಬೇಡಿ. ನೀವು ಕೊರೆಯುವ ಲೋಹ, ಬಿಟ್‌ನ ಉಕ್ಕು, ಮೊನೆ, ಅಳತೆ ಇವುಗಳಿಂದ ಹೋಲಿಸಿ. ಅದೇ ಕ್ರಮದಲ್ಲಿ ಹೋಗೋಣ.

ಹಂತ 1: ನಿಮ್ಮ ಮನೆಯ ಲೋಹಗಳ ಪಟ್ಟಿ ಮಾಡಿ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ ಬರೆದುಕೊಳ್ಳಿ. ಕಳೆದ ಒಂದೆರಡು ವರ್ಷದಲ್ಲಿ ಯಾವುದಕ್ಕೆಲ್ಲ ತೂತು ಕೊರೆದಿರಿ? ನನ್ನ ಚೀಟಿ ಹೀಗಿತ್ತು: ಗೇಟು, ಶೆಡ್ಡಿನ ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಮೆದು ಉಕ್ಕು) ಆಂಗಲ್ ಮತ್ತು ಪಟ್ಟಿ. ಜಿಐ (ಸತುವಿನ ಲೇಪ ಇರುವ ಕಬ್ಬಿಣ) ಪೈಪ್. ಸ್ಪ್ರಿಂಕ್ಲರ್‌ನ ಅಲ್ಯೂಮಿನಿಯಂ ಪೈಪ್. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಬೀಡು ಕಬ್ಬಿಣದ ಭಾಗಗಳು. ವರ್ಷಕ್ಕೆ ಒಂದೋ ಎರಡೋ ಸಲ ಸ್ಟೇನ್‌ಲೆಸ್.

ಎಂಎಸ್, ಜಿಐ, ಅಲ್ಯೂಮಿನಿಯಂ, ಹಿತ್ತಾಳೆ, ಬೀಡು ಇವಕ್ಕೆಲ್ಲ ಒಳ್ಳೆಯ ಸಾಮಾನ್ಯ ಎಚ್‌ಎಸ್‌ಎಸ್ ಬಿಟ್ ಸಾಕು. ಸ್ಟೇನ್‌ಲೆಸ್‌ಗೆ ಮಾತ್ರ ಕೋಬಾಲ್ಟ್ ಬೆರೆಸಿದ ಬಿಟ್ ಬೇಕು. ಜೀಪಿನ ಸ್ಪ್ರಿಂಗ್ ಪಟ್ಟಾ ಇದೆಯಲ್ಲ, ಆಚಾರಿಗಳು ಕತ್ತಿ ಮಾಡುವ ಉಕ್ಕು, ಅದು ಬೆಂಕಿಗೆ ಹಾಕಿ ಗಟ್ಟಿ ಮಾಡಿದ ಉಕ್ಕು. ಅದಕ್ಕೆ ಕೈ ಡ್ರಿಲ್, ಎಚ್‌ಎಸ್‌ಎಸ್ ಬಿಟ್ ಹಿಡಿದುಕೊಂಡು ಹೋಗಲೇಬೇಡಿ. ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನ ಆರಿಸಿದರೆ ಮೆತ್ತಗಾಗುತ್ತದೆ, ಆಮೇಲೆ ಕೊರೆಯಬಹುದು.

ಹೀಗೆ ಬರೆದು ನೋಡಿದಾಗ ನನಗೇ ಆಶ್ಚರ್ಯ. ನನ್ನ ಕೆಲಸದಲ್ಲಿ ಹೆಚ್ಚಿನದು ಎಂಎಸ್. ಪೂರ್ತಿ ಸೆಟ್ ಕೋಬಾಲ್ಟ್‌ನದ್ದೇ ತರುವ ಅಗತ್ಯ ಇರಲೇ ಇಲ್ಲ.

ಹಂತ 2: ಬಿಟ್ ಯಾವ ಉಕ್ಕಿನದು ಅಂತ ತಿಳಿಯಿರಿ

ಕಾರ್ಬನ್ ಉಕ್ಕಿನ ಬಿಟ್ ಮರಕ್ಕೆ, ಪ್ಲಾಸ್ಟಿಕ್‌ಗೆ ಸರಿ. ಬಿಸಿ 200–250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಗಡಸುತನ ಇಳಿಯಲು ಶುರುವಾಗುತ್ತದೆ. ನನ್ನ ಬಿಟ್‌ನ ಮೊನೆ ನೀಲಿಯಾಗಿದ್ದು ಅದೇ. ಒಮ್ಮೆ ನೀಲಿಯಾದರೆ ಆ ಮೊನೆ ಸತ್ತ ಹಾಗೆ.

ಎಚ್‌ಎಸ್‌ಎಸ್ ಅಂದರೆ ಹೈ ಸ್ಪೀಡ್ ಸ್ಟೀಲ್. ಇದು ಸುಮಾರು 600 ಡಿಗ್ರಿ ತನಕ ಗಡಸಾಗೇ ಇರುತ್ತದೆ. ಸುರುಳಿ ಆಕಾರದ ಬಿಟ್‌ಗೆ ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದರು. ಬಿಸಿ ತಡೆಯುವ ಈ ಉಕ್ಕನ್ನು ಟೇಲರ್ ಮತ್ತು ವೈಟ್ ಎಂಬ ಇಬ್ಬರು 1900ರ ಹೊತ್ತಿಗೆ ರೂಪಿಸಿದರು. ಇವತ್ತು ಹೆಚ್ಚು ಬಳಕೆಯಲ್ಲಿರುವ ಎಂ2 ದರ್ಜೆಯಲ್ಲಿ ಸುಮಾರು 6% ಟಂಗ್‌ಸ್ಟನ್, 5% ಮಾಲಿಬ್ಡಿನಂ, 4% ಕ್ರೋಮಿಯಂ, 2% ವನೇಡಿಯಂ ಇರುತ್ತದೆ. ಪೆಟ್ಟಿಗೆಯ ಮೇಲೆ ಎಂ2 ಅಂತ ಬರೆದಿದ್ದರೆ ಎಂಎಸ್ ಕೆಲಸಕ್ಕೆ ನೆಮ್ಮದಿಯಾಗಿ ತನ್ನಿ.

ಕೋಬಾಲ್ಟ್ ಬಿಟ್ ಅಂದರೆ ಎಚ್‌ಎಸ್‌ಎಸ್‌ಗೇ ಕೋಬಾಲ್ಟ್ ಬೆರೆಸಿದ್ದು. ಎಂ35ರಲ್ಲಿ 5%, ಎಂ42ರಲ್ಲಿ 8%. ಇದು ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ. ಆದರೆ ಪೆಡಸು ಜಾಸ್ತಿ. ಕೈ ಡ್ರಿಲ್ ಸ್ವಲ್ಪ ಓರೆಯಾದರೂ ಸಣ್ಣ ಕೋಬಾಲ್ಟ್ ಬಿಟ್ ಪಟ್ ಅಂತ ಮುರಿಯುತ್ತದೆ. ಕೈ ಡ್ರಿಲ್ ಮಾತ್ರ ಇರುವವರಿಗೆ ಎಂ35 ಸಾಕು. ಎಂ42 ಸ್ಟ್ಯಾಂಡ್ ಡ್ರಿಲ್ ಇರುವ ವರ್ಕ್‌ಶಾಪ್‌ಗೆ ಸರಿ. ಪೂರ್ತಿ ಕಾರ್ಬೈಡ್ (ಉಕ್ಕಿಗಿಂತ ಗಟ್ಟಿ, ಆದರೆ ಬೇಗ ಒಡೆಯುವ ವಸ್ತು) ಬಿಟ್ ಮನೆಗೆ ಬೇಡವೇ ಬೇಡ, ಕೈ ನಡುಗಿದರೆ ಮುಗಿಯಿತು.

ಗೋಡೆ ಕೊರೆಯುವ ಬಿಟ್‌ನ ತುದಿಯಲ್ಲೂ ಕಾರ್ಬೈಡ್ ತುಂಡು ಇರುತ್ತದೆ. ಅದು ಕಲ್ಲನ್ನು ಕುಟ್ಟಿ ಪುಡಿ ಮಾಡಲು ಇರುವುದು. ಲೋಹ ಕತ್ತರಿಸುವ ಹರಿತ ಅದಕ್ಕಿಲ್ಲ.

ಹಂತ 3: ಬಣ್ಣವನ್ನು ಕೊನೆಗೆ ನೋಡಿ

ಚಿನ್ನದ ಬಣ್ಣ ನಿಜವಾದ ಟೈಟಾನಿಯಂ ನೈಟ್ರೈಡ್ ಲೇಪ ಆಗಿದ್ದರೆ ಒಳ್ಳೆಯದೇ. ತಿಕ್ಕಾಟ ಕಡಿಮೆ, ಬಾಳಿಕೆ ಜಾಸ್ತಿ. ಆದರೆ ಅದರ ದಪ್ಪ ಕೆಲವೇ ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಸಾವಿರದ ಕೆಲವು ಭಾಗ. ಒಮ್ಮೆ ಸಾಣೆ ಹಿಡಿದರೆ ಮೊನೆಯ ಮೇಲಿನ ಲೇಪ ಹೋಯಿತು. ಕೆಳಗಿನ ಉಕ್ಕು ಕೆಟ್ಟದ್ದಾಗಿದ್ದರೆ ಲೇಪ ಏನು ಮಾಡುತ್ತದೆ?

ಕಪ್ಪು ಬಣ್ಣದ್ದು ಆಕ್ಸೈಡ್ ಪದರ. ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕನ್ನು ಸ್ವಲ್ಪ ತಡೆಯುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಇದು ಉಪಯೋಗಕ್ಕೆ ಬರುವ ಗುಣ. ಕೋಬಾಲ್ಟ್ ಬಿಟ್ ಸಾಮಾನ್ಯವಾಗಿ ಮಂಕು ಕಂಚಿನ ಬಣ್ಣದಲ್ಲಿರುತ್ತದೆ. ಆ ಬಣ್ಣವನ್ನೂ ಯಾರು ಬೇಕಾದರೂ ಬಳಿಯಬಹುದು, ನೆನಪಿರಲಿ. ಕೋಬಾಲ್ಟ್ ಇರುವುದು ಉಕ್ಕಿನ ಒಳಗೆ. ಹಾಗಾಗಿ ಎಷ್ಟು ಸಲ ಸಾಣೆ ಹಿಡಿದರೂ ಅದರ ಗುಣ ಹೋಗುವುದಿಲ್ಲ. ಒಂದೇ ಬೆಲೆಗೆ ಹೆಸರಿಲ್ಲದ ಚಿನ್ನದ ಲೇಪದ ಸೆಟ್ ಮತ್ತು ಎಂ35 ಅಂತ ಕೆತ್ತಿದ ಬಿಡಿ ಬಿಟ್‌ಗಳು ಸಿಕ್ಕರೆ ನಾನು ಬಿಡಿ ಬಿಟ್‌ಗಳನ್ನೇ ತರುತ್ತೇನೆ, ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ.

ಹಂತ 4: ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ

ಹೆಚ್ಚಿನವರು ನೋಡದೇ ಬಿಡುವುದು ಇದನ್ನೇ. ಲೋಹದ ಬಿಟ್‌ಗಳಲ್ಲಿ ಎರಡು ಕೋನ ಸಾಮಾನ್ಯ, 118 ಡಿಗ್ರಿ ಮತ್ತು 135 ಡಿಗ್ರಿ. 118ರದ್ದು ಚೂಪಾಗಿ ಕಾಣುತ್ತದೆ, 135ರದ್ದು ಸ್ವಲ್ಪ ಚಪ್ಪಟೆ.

ಬಿಟ್‌ನ ತುದಿಯನ್ನು ನೇರ ಕಣ್ಣಿಗೆ ಹಿಡಿದು ನೋಡಿ. ಎರಡು ಅಲಗುಗಳ ನಡುವೆ ಉಳಿಯಂಥ ಒಂದು ಚಿಕ್ಕ ಗೆರೆ ಕಾಣುತ್ತದೆ. ಆ ಗೆರೆ ಕತ್ತರಿಸುವುದಿಲ್ಲ, ಸುಮ್ನೆ ಲೋಹವನ್ನು ಒತ್ತುತ್ತದೆ. ಕೊರೆಯಲು ಶುರು ಮಾಡುವಾಗ ಬಿಟ್ ಜಾರಿ ಆಚೀಚೆ ಓಡುವುದಕ್ಕೆ ಅದೇ ಕಾರಣ. 135 ಡಿಗ್ರಿಯ ಸ್ಪ್ಲಿಟ್ ಪಾಯಿಂಟ್ ಬಿಟ್‌ನಲ್ಲಿ ಆ ಗೆರೆಯನ್ನು ಎರಡೂ ಕಡೆಯಿಂದ ಕಡಿದು, ಅಲ್ಲೂ ಅಲಗು ಮಾಡಿರುತ್ತಾರೆ. ಜಾರುವುದು ಕಡಿಮೆ, ಒತ್ತುವ ಬಲವೂ ಕಡಿಮೆ ಸಾಕು. ಕೈ ಡ್ರಿಲ್‌ನವರಿಗೆ ಇದು ದೊಡ್ಡ ವರ. ಎರಡು ಸೆಟ್ ಉಕ್ಕಿನಲ್ಲಿ ಸಮ ಇದ್ದರೆ ಸ್ಪ್ಲಿಟ್ ಪಾಯಿಂಟ್ ಇರುವುದನ್ನೇ ಆರಿಸಿ.

118 ಡಿಗ್ರಿಯದಕ್ಕೂ ಒಂದು ಒಳ್ಳೆಯ ಗುಣ ಇದೆ, ಮನೆಯಲ್ಲೇ ಸಾಣೆ ಹಿಡಿಯುವುದು ಸುಲಭ.

ಹಂತ 5: ಎಷ್ಟು ಬಿಟ್ ಅನ್ನುವುದಕ್ಕಿಂತ ಯಾವ ಅಳತೆ ಅಂತ ಕೇಳಿ

ಮಾರುಕಟ್ಟೆಯಲ್ಲಿ ಸಿಗುವ ಮೂರು ಸೆಟ್ ಮುಖ್ಯ. 13ರ ಸೆಟ್‌ನಲ್ಲಿ ಸಾಮಾನ್ಯವಾಗಿ 1.5ರಿಂದ 6.5 ಮಿ.ಮೀ. ತನಕ ಅರ್ಧರ್ಧ ಮಿಲಿಮೀಟರ್ ಹೆಚ್ಚುತ್ತಾ ಹೋಗುತ್ತದೆ, ಜೊತೆಗೆ ರಿವೆಟ್‌ಗೆಂದು 3.2 ಮತ್ತು 4.8. 19ರ ಸೆಟ್ 1ರಿಂದ 10 ತನಕ. 25ರ ಸೆಟ್ 1ರಿಂದ 13 ತನಕ. 99ರ ದೊಡ್ಡ ಪೆಟ್ಟಿಗೆಯಲ್ಲಿ ಏನಿತ್ತು ಅಂತ ನಾನು ಒಂದು ದಿನ ಕೂತು ಎಣಿಸಿದೆ. ಅರ್ಧಕ್ಕಿಂತ ಜಾಸ್ತಿ 3 ಮಿ.ಮೀ.ಗಿಂತ ಚಿಕ್ಕವು, ಒಂದೇ ಅಳತೆಯವು ಹತ್ತತ್ತು. ನನಗೆ ಬೇಕಾದ 8.5 ಒಂದೂ ಇರಲಿಲ್ಲ.

ನಮ್ಮ ಕೆಲಸಕ್ಕೆ ಬೇಕಾಗುವುದು ಬೋಲ್ಟ್ ಲೆಕ್ಕದಲ್ಲಿ. ಎಂ6 ಅಂದರೆ ಇಲ್ಲಿ 6 ಮಿ.ಮೀ. ದಪ್ಪದ ಬೋಲ್ಟ್ (ಉಕ್ಕಿನ ದರ್ಜೆಯ ಎಂ2, ಎಂ35 ಬೇರೆ). ಅದು ಸಲೀಸಾಗಿ ತೂರಲು 6.5, ಎಂ8ಕ್ಕೆ 8.5 ಅಥವಾ 9, ಎಂ10ಕ್ಕೆ 10.5 ಅಥವಾ 11. ಅಂದರೆ 10ಕ್ಕೆ ನಿಲ್ಲುವ 19ರ ಸೆಟ್ ತಂದರೆ ಎಂ10 ಬೋಲ್ಟ್‌ಗೆ ತೂತು ಬಿಗಿಯಾಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಬೋಲ್ಟ್ ತಿರುಗಿಸಿ ಕೂರಿಸಲು ತೂತಿನೊಳಗೆ ಟ್ಯಾಪ್ ಎಂಬ ಉಪಕರಣದಿಂದ ಮರೆ (ತಿರುಪಿನ ಸುರುಳಿ ಗೆರೆ) ಕೊರೆಯುವವರಿಗೆ ಬೇರೆ ಲೆಕ್ಕ. ಎಂ4ಕ್ಕೆ 3.3, ಎಂ5ಕ್ಕೆ 4.2, ಎಂ6ಕ್ಕೆ 5, ಎಂ8ಕ್ಕೆ 6.8, ಎಂ10ಕ್ಕೆ 8.5. ಅರ್ಧರ್ಧ ಮಿಲಿಮೀಟರ್‌ನ ಸೆಟ್‌ನಲ್ಲಿ 3.3, 4.2, 6.8 ಇರುವುದಿಲ್ಲ. ಅವನ್ನು ಬಿಡಿಯಾಗಿ ತನ್ನಿ. 7ರ ಬಿಟ್‌ನಲ್ಲಿ ಕೊರೆದು ಎಂ8 ಟ್ಯಾಪ್ ಹಾಕಿದರೆ ಮರೆ ಸಡಿಲ ಆಗುತ್ತದೆ.

ನನ್ನ ಈಗಿನ ಪೆಟ್ಟಿಗೆ: ಎಂ2 ದರ್ಜೆಯ 25ರ ಒಂದು ಸೆಟ್. ಅದರ ಮೇಲೆ 3, 5, 6.5, 8.5 ಈ ನಾಲ್ಕು ಅಳತೆಯಲ್ಲಿ ಎಂ35 ಬಿಡಿ ಬಿಟ್. 3 ಮಿ.ಮೀ. ಮಾತ್ರ ಮೂರು ಇಟ್ಟುಕೊಂಡಿದ್ದೇನೆ, ಮುರಿಯುವುದು ಯಾವಾಗಲೂ ಅದೇ. ಕೊಳ್ಳುವ ಮೊದಲು ನಿಮ್ಮ ಡ್ರಿಲ್‌ನ ಚಕ್ (ಬಿಟ್ ಹಿಡಿಯುವ ಬಾಯಿ) ಎಷ್ಟರದು ಅಂತ ನೋಡಿ. 10 ಮಿ.ಮೀ. ಚಕ್ ಇದ್ದರೆ 13ರ ಬಿಟ್ ಹಿಡಿಯುವುದಿಲ್ಲ.

ಹಂತ 6: ಅಂಗಡಿಯಲ್ಲೇ ನಿಂತು ಪರೀಕ್ಷಿಸಿ

ಪೆಟ್ಟಿಗೆ ತೆಗೆಸಿ. ಸಂಕೋಚ ಬೇಡ. ಬಿಟ್‌ನ ಹಿಡಿಯ ಮೇಲೆ ಅಳತೆ ಮತ್ತು ಉಕ್ಕಿನ ಗುರುತು ಕೆತ್ತಿರಬೇಕು. ಏನೂ ಬರೆದಿಲ್ಲದ ಬಿಟ್ ಬೇಡ. ಗಾಜಿನ ಕೌಂಟರ್ ಮೇಲೆ ಬಿಟ್ ಉರುಳಿಸಿ. ನೇರ ಇದ್ದರೆ ಸದ್ದಿಲ್ಲದೆ ಉರುಳುತ್ತದೆ, ಬಾಗಿದ್ದರೆ ಕುಂಟುತ್ತದೆ.

ಆಮೇಲೆ ಮೊನೆಯ ಎರಡು ಅಲಗುಗಳನ್ನು ನೋಡಿ. ಎರಡರ ಉದ್ದವೂ ಒಂದೇ ಇರಬೇಕು. ಒಂದು ಉದ್ದ, ಒಂದು ಗಿಡ್ಡ ಇದ್ದರೆ ತೂತು ಬಿಟ್‌ಗಿಂತ ದೊಡ್ಡದಾಗಿ ಬರುತ್ತದೆ. ಸುರುಳಿಯ ಒಳಮೈ ನುಣುಪಾಗಿ, ಕಲ್ಲಿನಲ್ಲಿ ಅರೆದ ಗೆರೆಗಳೊಂದಿಗೆ ಕಂಡರೆ ಅದು ಗ್ರೌಂಡ್ ಬಿಟ್. ಕಾಯಿಸಿ ಉರುಳಿಸಿ ಮಾಡಿದ್ದು ಅಗ್ಗ, ಆದರೆ ಅಳತೆ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ.

ನಮ್ಮ ದೇಶದಲ್ಲೇ ಹಳೆಯ ಹೆಸರುಗಳಿವೆ. ಅಡಿಸನ್, ಮಿರಾಂಡಾ, ಡ್ಯಾಗರ್ ಬಿಟ್‌ಗಳನ್ನು ಲೇತ್ ಅಂಗಡಿಗಳಲ್ಲಿ ನೋಡಿರುತ್ತೀರಿ. ಊರಲ್ಲಿ ಬಿಡಿ ಅಳತೆ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಲಿ ಚೀಟಿ ಕೊಟ್ಟು ತರಿಸಿ.

ಹಂತ 7: ಮನೆಯಲ್ಲಿ ಎರಡು ಬಿಟ್‌ಗಳನ್ನು ಪಕ್ಕಪಕ್ಕ ಓಡಿಸಿ

ಎರಡು ಸೆಟ್‌ಗಳ ನಡುವೆ ತೀರ್ಮಾನ ಆಗದಿದ್ದರೆ ಎರಡರಿಂದಲೂ ಒಂದೊಂದು 6 ಮಿ.ಮೀ. ಬಿಡಿ ಬಿಟ್ ತನ್ನಿ. ಗುಜರಿಯಿಂದ 6 ಮಿ.ಮೀ. ದಪ್ಪದ ಎಂಎಸ್ ಪಟ್ಟಿಯ ಒಂದು ತುಂಡು ತಂದು ವೈಸ್‌ಗೆ ಬಿಗಿಯಿರಿ. ಒಂದೇ ಡ್ರಿಲ್, ಒಂದೇ ವೇಗ, ಒಂದೇ ಎಣ್ಣೆ. ಪ್ರತಿ ಬಿಟ್‌ನಿಂದ ಹತ್ತು ತೂತು ಕೊರೆಯಿರಿ.

ಮೊದಲ ತೂತಿಗೆ ಎಷ್ಟು ಸೆಕೆಂಡ್, ಹತ್ತನೆಯದಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಮೊದಲನೆಯದು ಎಲ್ಲ ಬಿಟ್‌ನಲ್ಲೂ ಚೆನ್ನಾಗೇ ಬರುತ್ತದೆ. ಗುಣ ಗೊತ್ತಾಗುವುದು ಹತ್ತನೆಯದರಲ್ಲಿ. ಎರಡೂ ಸುರುಳಿಯಿಂದ ಸಮನಾಗಿ ಉದ್ದನೆಯ ಚೂರು ಬರುತ್ತಿದೆಯೇ ನೋಡಿ. ಒಂದೇ ಕಡೆಯಿಂದ ಬಂದರೆ ಒಂದೇ ಅಲಗು ಕೆಲಸ ಮಾಡುತ್ತಿದೆ ಅಂತ ಅರ್ಥ. ಚೂರು ಪುಡಿಪುಡಿಯಾದರೆ ಮೊಂಡಾಗುತ್ತಿದೆ. ಕೊನೆಗೆ ವರ್ನಿಯರ್‌ನಲ್ಲಿ (ಸೂಕ್ಷ್ಮ ಅಳತೆಯ ಸಾಧನ) ತೂತು ಅಳೆಯಿರಿ. 6.1 ಬಂದರೆ ಒಳ್ಳೆಯದು. 6.3 ಬಂದರೆ ಮೊನೆ ಸಮ ಇಲ್ಲ.

ಹಳೆಯ ಬಿಟ್ ಇದ್ದರೆ ಕಿಡಿ ಪರೀಕ್ಷೆಯನ್ನೂ ಮಾಡಿ. ಹಿಡಿಯ ಕಡೆ ಬೇರೆ ಉಕ್ಕು ಬೆಸೆದಿರಬಹುದು, ಹಾಗಾಗಿ ಸುರುಳಿ ಇರುವ ಭಾಗವನ್ನೇ ಕಲ್ಲಿಗೆ ಮುಟ್ಟಿಸಿ. ಕಣ್ಣಿಗೆ ಕನ್ನಡಕ ಇರಲೇಬೇಕು.

ಹಂತ 8: ವೇಗ ಸರಿ ಮಾಡಿಕೊಳ್ಳಿ

ಒಳ್ಳೆಯ ಸೆಟ್ ತಂದು ತಪ್ಪು ವೇಗದಲ್ಲಿ ಓಡಿಸಿದರೆ ದುಡ್ಡು ದಂಡ. ಲೆಕ್ಕ ಸುಲಭ. ಎಂಎಸ್‌ಗೆ 8000ವನ್ನು ಬಿಟ್‌ನ ಮಿಲಿಮೀಟರ್‌ನಿಂದ ಭಾಗಿಸಿ. 5 ಮಿ.ಮೀ.ಗೆ ನಿಮಿಷಕ್ಕೆ 1600 ಸುತ್ತು, 10 ಮಿ.ಮೀ.ಗೆ 800. ಸ್ಟೇನ್‌ಲೆಸ್‌ಗೆ 3200ನ್ನು ಭಾಗಿಸಿ. 6 ಮಿ.ಮೀ.ಗೆ 530ರ ಆಸುಪಾಸು, 10ಕ್ಕೆ 320. ಬೀಡಿಗೆ ಎಂಎಸ್‌ಗಿಂತ ಸ್ವಲ್ಪ ಕಡಿಮೆ. ಅಲ್ಯೂಮಿನಿಯಂಗೆ ಮಾತ್ರ ಎಂಎಸ್‌ನ ಎರಡರಷ್ಟು ಓಡಿಸಬಹುದು.

ಮನೆಯ ಸಾಮಾನ್ಯ ಕೈ ಡ್ರಿಲ್ ಪೂರ್ತಿ ಒತ್ತಿದರೆ 2600–2800 ಸುತ್ತು ತಿರುಗುತ್ತದೆ. ನಾನು ಸ್ಟೇನ್‌ಲೆಸ್ ಪ್ಲೇಟ್ ಮೇಲೆ ಓಡಿಸಿದ್ದು ಹಾಗೆ, ಬೇಕಾದ್ದಕ್ಕಿಂತ ಐದು ಪಟ್ಟು. ಬ್ಯಾಟರಿ ಡ್ರಿಲ್‌ನ ಒಂದನೇ ಗೇರ್ ಸಾಮಾನ್ಯವಾಗಿ 400–450 ಸುತ್ತಿನದು. ಸ್ಟೇನ್‌ಲೆಸ್‌ಗೆ ಈಗ ನಾನು ಅದನ್ನೇ ಹಿಡಿಯುತ್ತೇನೆ. ಗೋಡೆ ಕುಟ್ಟಲು ಇರುವ ಹ್ಯಾಮರ್ ಗುಂಡಿ ಆಫ್ ಇದೆಯೇ ಅಂತ ಪ್ರತಿ ಸಲ ನೋಡಿ.

ಹಂತ 9: ಕೊರೆಯುವ ಕ್ರಮ

ಗುರುತು ಹಾಕಿ ಸೆಂಟರ್ ಪಂಚ್‌ನಿಂದ ಗುಳಿ ಹೊಡೆಯಿರಿ. ತುಂಡನ್ನು ವೈಸ್ ಅಥವಾ ಕ್ಲಾಂಪ್‌ನಿಂದ ಬಿಗಿಯಿರಿ, ಕೈಯಲ್ಲಿ ಹಿಡಿದು ಎಂದೂ ಕೊರೆಯಬೇಡಿ. ಬಟ್ಟೆಯ ಕೈಗವಸು ಹಾಕಬೇಡಿ, ಬಿಟ್‌ಗೆ ಸಿಕ್ಕರೆ ಬೆರಳನ್ನೇ ಎಳೆದುಕೊಳ್ಳುತ್ತದೆ. ಅಂಗಿಯ ತೋಳು ಮಡಚಿ. 8 ಮಿ.ಮೀ.ಗಿಂತ ದೊಡ್ಡ ತೂತಿಗೆ ಮೊದಲು 3 ಮಿ.ಮೀ. ತೂತು ಕೊರೆದು ದಾರಿ ಮಾಡಿ. ಎಂಎಸ್, ಸ್ಟೇನ್‌ಲೆಸ್‌ಗೆ ಕಟಿಂಗ್ ಆಯಿಲ್ ಬಿಡುತ್ತಾ ಹೋಗಿ. ಬೀಡಿಗೆ ಎಣ್ಣೆ ಬೇಡ, ಅದರೊಳಗಿನ ಗ್ರಾಫೈಟೇ ಜಾರಿಕೆ ಕೊಡುತ್ತದೆ.

ಸ್ಟೇನ್‌ಲೆಸ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಒತ್ತಡ ಬಿಡಬಾರದು. ಬಿಟ್ ಕತ್ತರಿಸದೆ ಸುಮ್ನೆ ತಿಕ್ಕಿದರೆ ಆ ಜಾಗ ಇನ್ನೂ ಗಟ್ಟಿಯಾಗುತ್ತದೆ. ನನ್ನ ಪ್ಲೇಟ್‌ನ ಹೊಳೆಯುವ ಗುಳಿ ಅದೇ. ಅಲ್ಲಿ ಹೊಸ ಕೋಬಾಲ್ಟ್ ಬಿಟ್ ಕೂಡ ಜಾರಿತು. ಹಿರಿಯರು ಪ್ಲೇಟ್ ತಿರುಗಿಸಿ, ಹಿಂದಿನಿಂದ ಅದೇ ಜಾಗಕ್ಕೆ ಪಂಚ್ ಹೊಡೆದು, ನಿಧಾನ ವೇಗದಲ್ಲಿ ಮೈಭಾರ ಹಾಕಿ ಕೊರೆದರು. ಕೂದಲಿನಂಥ ಉದ್ದ ಎಳೆಗಳು ಹೊರಬಂದವು, ಹೊಗೆ ಇಲ್ಲ, ಸದ್ದೂ ಕಡಿಮೆ.

ತೂತು ಆಚೆ ಕಡೆ ಬೀಳುವ ಹೊತ್ತಿಗೆ ಒತ್ತಡ ಇಳಿಸಿ. ಬಿಟ್ ಸಿಕ್ಕಿಕೊಂಡು ಮಣಿಕಟ್ಟು ತಿರುಚುವುದು ಆಗಲೇ. ತೆಳು ತಗಡಿಗೆ ಕೆಳಗೆ ಮರದ ಹಲಗೆ ಕೊಟ್ಟು ಕೊರೆಯಿರಿ, ದೊಡ್ಡ ತೂತು ಬೇಕಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್ ಬಳಸಿ.

ಹಂತ 10: ಸಾಣೆ ಮತ್ತು ಮಳೆಗಾಲ

ಮೊಂಡಾದ ಬಿಟ್ ಎಸೆಯಬೇಡಿ. ಒಂದೇ ಅಳತೆಯ ಎರಡು ಷಡ್ಭುಜ ನಟ್‌ಗಳನ್ನು ಚಪ್ಪಟೆ ಬದಿ ಒಂದಕ್ಕೊಂದು ತಾಗುವಂತೆ ಮೇಜಿನ ಮೇಲೆ ಇಡಿ. ಅವುಗಳ ನಡುವೆ ಬರುವ ಮೂಲೆ 120 ಡಿಗ್ರಿ. ಸಾಣೆ ಹಿಡಿದ 118 ಡಿಗ್ರಿ ಬಿಟ್‌ನ ಮೊನೆ ಅಲ್ಲಿ ಹೆಚ್ಚುಕಡಿಮೆ ಸರಿಯಾಗಿ ಕೂರಬೇಕು. ಅಲಗಿನ ಹಿಂಭಾಗ ಅಲಗಿಗಿಂತ ಸ್ವಲ್ಪ ತಗ್ಗಿರಬೇಕು, 8ರಿಂದ 12 ಡಿಗ್ರಿ. ಇಲ್ಲದಿದ್ದರೆ ಎಷ್ಟು ಹರಿತ ಇದ್ದರೂ ಉಜ್ಜುತ್ತದೆ ಹೊರತು ಕೊರೆಯುವುದಿಲ್ಲ. ಸ್ಪ್ಲಿಟ್ ಪಾಯಿಂಟ್‌ನ ಸಾಣೆಯನ್ನು ಲೇತ್ ಅಂಗಡಿಗೇ ಬಿಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯ ಸ್ಪಂಜಿನಲ್ಲಿ ತೇವ ಕೂತರೆ ಒಂದೇ ತಿಂಗಳಲ್ಲಿ ಬಿಟ್ ಮೇಲೆ ಕೆಂಪು ಚುಕ್ಕೆ. ನಾನು ಸ್ಪಂಜು ಕಿತ್ತು ಹಾಕಿದೆ. ಪ್ರತಿ ಬಿಟ್ಟನ್ನೂ ಮಷಿನ್ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಡಬ್ಬಿಯನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಮೇ ಕೊನೆಯ ವಾರ ಈ ಕೆಲಸ ಮುಗಿಸಿಬಿಡಿ.